ಮೂರು ಬೆರಳು ಮಡಿಕೆ

ದಾವಣಗೆರೆ ಏಳುವ ಮುಂಚೆ ಮಂಡಕ್ಕಿ ಭಟ್ಟಿಯ ಹೊಗೆ ಏಳುತ್ತದೆ.
ಹಾಲಿನವನಿಗಿಂತ ಮೊದಲು ನಮ್ಮ ಓಣಿಗೆ ಬಂದು
ಒಣಹಾಕಿದ ಬಿಳಿ ಅಂಗಿಗಳ ಮೇಲೆ ಕರಿ ಚುಕ್ಕೆ ಇಡುತ್ತದೆ.
ಚುಕ್ಕೆ ಕೊಡವುತ್ತಾ ನಿಂತಿದ್ದೆ, ಜೀಪು ಬಂತು.
ನೀನು ಇಳಿದೆ, ಕೈಯಲ್ಲಿ ಬಟ್ಟೆ ಅಂಗಡಿಯ ಹಳೇ ಚೀಲ,
ಕಾಲಲ್ಲಿ ಎರಡೂ ಎಡಗಾಲಿನ ಚಪ್ಪಲಿ.

ಮೇಡಮ್ಮು ಫೈಲು ಬಿಚ್ಚಿದರು.
ಹೆಸರು ಅಂಜಿನಿ. ವಯಸ್ಸು ಏಳು, ಅಂದಾಜು.
ಜಗಳೂರು ಕಡೆಯವನು. ತಾಯಿ ಆಸ್ಪತ್ರೆಯಲ್ಲಿ.
ತಂದೆಯ ಕಾಲಂನಲ್ಲಿ ಒಂದು ಗೀಟು.
ಮಗುವಿಗೂ ನಿಮಗೂ ಸಂಬಂಧ?
ಪೆನ್ನು ನನ್ನ ಕೈಗೆ ಕೊಟ್ಟು ತಾವೇ ಹೇಳಿಕೊಟ್ಟರು:
‘ಸಾಕುತಾಯಿ’ ಅಂತ ಬರೀರಿ, ಹಾಲಮ್ಮ.

ಅವತ್ತು ರಾತ್ರಿ ನೀನು ಆಡಿದ್ದು ಒಂದೇ ಮಾತು.
ಅರ್ಧ ರೊಟ್ಟಿಗೆ, ಸಾಕು.
ಒಂದು ಸೌಟು ಸಾರಿಗೆ, ಸಾಕು.
ಹೊದಿಸಲು ಹೋದರೆ ಮೊಣಕಾಲು ದಾಟುವುದರೊಳಗೆ, ಸಾಕು.
ಯಾರ ಮನೆಯ ತಟ್ಟೆ ಮುಂದೆ ಕೂತು ಕಲಿತೆಯೋ
ಕೊಡುವ ಕೈಗಿಂತ ಮುಂಚೆ ಓಡಿಬರುವ ಈ ಮಾತನ್ನು?
ದೀಪ ಆರಿಸಿ ಮಲಗಿದ ಮೇಲೆ ಹೊಳೆಯಿತು,
ಹಗಲು ಫೈಲಿನಲ್ಲಿ ನಾನು ಬರೆದದ್ದೂ ಅದನ್ನೇ ಅಲ್ಲವಾ,
ಅದೇ ಎರಡಕ್ಷರ.
ಆಮೇಲೆ ಕಣ್ಣು ಹತ್ತಲಿಲ್ಲ.

ನಾಲ್ಕನೇ ದಿನ ಇರುವೆ ಸಾಲು.
ಗೋಡೆಯಿಂದ ಚಾಪೆಗೆ, ಚಾಪೆಯಿಂದ ನಿನ್ನ ದಿಂಬಿಗೆ.
ಗವಸಿನೊಳಗೆ ಎರಡು ಹಿಡಿ ಮಂಡಕ್ಕಿ, ಗ್ಲೂಕೋಸ್ ಬಿಸ್ಕತ್ತು,
ಕಾಗದದಲ್ಲಿ ಸುತ್ತಿದ ಅರ್ಧ ಕಚ್ಚಿದ ಮೆಣಸಿನಕಾಯಿ.
‘ಕದೀತಾನೆ’ ಅಂದರು ನಮ್ಮವರು.
‘ಕೂಡಿಡ್ತಾನೆ’ ಅಂದೆ ನಾನು.
ನೀನು ಬಾಗಿಲ ಸಂದಿಯಲ್ಲಿ
ಏಟಿಗೆ ಬೆನ್ನು ತಿರುಗಿಸಿ ತಯಾರಾಗಿ ನಿಂತಿದ್ದೆ.
ಎಷ್ಟು ಚಿಕ್ಕ ಬೆನ್ನು.

ನಾನು ಮಾತಿನವಳಲ್ಲ, ಮಿಷನ್ನಿನವಳು.
ವರ್ಷಕ್ಕೆ ನಾನೂರು ಸ್ಕೂಲ್ ಚಡ್ಡಿ ಹೊಲಿಯುತ್ತೇನೆ,
ಎಲ್ಲಕ್ಕೂ ಒಂದೇ ಅಳತೆಯ ಜೇಬು.
ನಿನ್ನದಕ್ಕೆ ಮಾತ್ರ ತೊಡೆಯುದ್ದಕ್ಕೂ ಇಳಿಯುವ ಆಳ ಇಟ್ಟೆ,
ಒಳಗೆ ದಪ್ಪ ಕೋರಾ ಬಟ್ಟೆ, ಬಾಯಿಗೆ ಗುಂಡಿ.
‘ಇರುವೆ ಹೋಗಬಾರದು ನೋಡು’ ಅಂದೆ, ಅಷ್ಟೇ.
ನೀನು ಕೈ ಬಿಟ್ಟೆ. ಮೊಣಕೈವರೆಗೂ ಹೋಯಿತು.
ಆಚೆ ಈಚೆ ಆಡಿಸಿದೆ, ತಳ ಸಿಕ್ಕಿತೋ ಏನೋ,
ಮೊದಲ ಸಲ ನನ್ನ ಮುಖ ನೋಡಿದೆ.

ತಿಂಗಳು ಲೆಕ್ಕ ಹಾಕಬಾರದು ಅಂತ
ಕ್ಯಾಲೆಂಡರನ್ನು ಒಲೆ ಪಕ್ಕಕ್ಕೆ ಸಾಗಿಸಿದೆ.
ಒಗ್ಗರಣೆಯ ಎಣ್ಣೆ ಕುಡಿದು ತಾರೀಖು ಮಸುಕಾದವು.
ಒಂದು ಭಾನುವಾರ ದೋಸೆ ಹೊಯ್ಯುವಾಗ
ಬೆನ್ನ ಹಿಂದಿನಿಂದ, ಕಾವಲಿಯ ಸದ್ದಿಗಿಂತ ಸಣ್ಣಗೆ,
‘ಇನ್ನೊಂದು’ ಅಂದೆ.
ತಿರುಗಲಿಲ್ಲ ನಾನು. ತಿರುಗಿದರೆ
ಆ ಮಾತು ವಾಪಸು ತಗೊಂಡುಬಿಡುತ್ತೀಯ ಅಂತ ಭಯ.
ದೋಸೆ ಸೀದಿತು. ಸೀದದ್ದನ್ನೇ ತಿಂದೆ,
ಆಮೇಲೆ ಇನ್ನೊಂದು, ಆಮೇಲೆ ಇನ್ನೊಂದು.
ಹಿಟ್ಟು ಮುಗಿದು, ನಮ್ಮವರು ಅವತ್ತು
ಬರೀ ಮಂಡಕ್ಕಿ ತಿಂದು ಭಟ್ಟಿಗೆ ಹೋದರು.

ಮೊನ್ನೆ ಮೇಡಮ್ಮು ಮತ್ತೆ ಬಂದರು.
ತಾಯಿಗೆ ವಾಸಿಯಾಗಿದೆಯಂತೆ, ಬಾಡಿಗೆ ಮನೆ ಹಿಡಿದಿದ್ದಾಳಂತೆ.
ಸೋಮವಾರ ಸಮಿತಿ.
‘ಒಳ್ಳೆಯ ಸುದ್ದಿ ಅಲ್ಲವಾ, ಹಾಲಮ್ಮ?’
ಹೂಂ, ಒಳ್ಳೆಯದೇ. ನೀರು ಕೊಟ್ಟೆ. ಟೀ ಕೊಟ್ಟೆ.
ಟೀಗೆ ಸಕ್ಕರೆ ಹಾಕಿದೆನೋ ಇಲ್ಲವೋ, ಅವರು ಹೇಳಲಿಲ್ಲ.
ಅವಳೂ ದಿನ ಎಣಿಸಿಯೇ ಇರುತ್ತಾಳೆ.
ಆಸ್ಪತ್ರೆಯ ಗೋಡೆಗೆ ಕ್ಯಾಲೆಂಡರು ಇತ್ತೋ, ಬೆರಳಲ್ಲೇ ಎಣಿಸಿದಳೋ.

ಈಗ ನಿನ್ನ ಹೊಸ ಪ್ಯಾಂಟು ಮಿಷನ್ನಿನ ಮೇಲಿದೆ.
ಅಂಚಿಗೆ ಮೂರು ಬೆರಳು ಮಡಿಕೆ ಒಳಗೆ ಬಿಟ್ಟಿದ್ದೇನೆ.
ಉದ್ದ ಬೆಳೆಯುವ ಕಾಲು ನಿನ್ನದು. ಬಿಚ್ಚಿ ಇಳಿಸಲಿ ಯಾರಾದರೂ.
ಯಾರಾದರೂ ಏನು, ಅವಳೇ.
ಹೊಲಿಗೆ ಸಡಿಲವಾಗಿಯೇ ಹಾಕಿದ್ದೇನೆ,
ಬ್ಲೇಡು ಬೇಡ, ಎಳೆದರೆ ಬರುತ್ತದೆ.

ಪಕ್ಕದಲ್ಲಿ ಕೂತು ಮಂಡಕ್ಕಿ ಮೆಲ್ಲುತ್ತಾ ಕೇಳುತ್ತೀಯ:
‘ಮೂರು ಬೆರಳು ಅಂದ್ರೆ ಯಾರವು? ನನ್ನವಾ, ನಿನ್ನವಾ?’
ನಿನ್ನ ಮೂರನ್ನು ತಂದು ನನ್ನ ಮೂರರ ಮೇಲೆ ಇಡುತ್ತೀಯ.
ಒಂದೂವರೆಗೇ ಮುಗಿದುಹೋಗುತ್ತವೆ.
‘ನಿನ್ನವೇ ಇರಲಿ ಬಿಡು’ ಅನ್ನುತ್ತೀಯ,
ಜೇಬಿನ ಗುಂಡಿ ಹಾಕಿಕೊಳ್ಳುತ್ತಾ.